ಸ್ಕೌಟ್ ಮೇಷ್ಟ್ರ ಶನಿವಾರ

ಸ್ಕೌಟಿಂಗಿನ ಚರಿತ್ರೆ ಹೇಳುವವರೆಲ್ಲ ಬ್ರೌನ್‌ಸೀ ದ್ವೀಪದಿಂದ ಶುರು ಮಾಡುತ್ತಾರೆ. 1907ರ ಆಗಸ್ಟ್ ತಿಂಗಳು, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸಣ್ಣದೊಂದು ದ್ವೀಪ, ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ, ಇಪ್ಪತ್ತರ ಆಸುಪಾಸಿನ ಸಂಖ್ಯೆಯ ಹುಡುಗರು, ಡೇರೆ, ಶಿಬಿರಾಗ್ನಿ. ಪ್ರತಿ ವರ್ಷ ಫೆಬ್ರವರಿ 22ಕ್ಕೆ, ಅಂದರೆ ಬಿ.ಪಿ.ಯವರ ಹುಟ್ಟುಹಬ್ಬಕ್ಕೆ, ನಮ್ಮ ಶಾಲೆಗಳಲ್ಲಿ ಆಗುವ ಭಾಷಣವೂ ಇದೇ. ದಾವಣಗೆರೆ ಸೀಮೆಯಲ್ಲಿ ಹೈಸ್ಕೂಲು ಮೇಷ್ಟ್ರಾಗಿ, ಸ್ಕೌಟ್ ದಳ ನಡೆಸಿದವನಾಗಿ ಈ ಭಾಷಣವನ್ನು ನಾನೂ ಮಾಡಿದ್ದೇನೆ. ಆದರೆ ಈ ಕಥೆಯಲ್ಲಿ ದಳ ನಡೆಸುವ ಮೇಷ್ಟ್ರಿಗೆ ಜಾಗವೇ ಇಲ್ಲ ಎಂಬುದು ನನ್ನ ಹಳೆಯ ತಕರಾರು. ಹುಡುಗರಿಗೆ ಗಂಟು ಹಾಕಲು ಕಲಿಸಿದ್ದು ಯಾರು ಎಂದು ಕೇಳುತ್ತಾರೆ. ಆ ಕಲಿಸಿದವನಿಗೆ ಕಲಿಸಿದ್ದು ಯಾರು, ಅವನಿಗೆ ಸಾಕಾಗಿ ಹೋದಾಗ ಜೊತೆಗೆ ನಿಂತದ್ದು ಯಾರು ಎಂದು ಕೇಳುವವರು ಕಡಿಮೆ.

1908ರ ಜನವರಿಯಿಂದ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಹದಿನೈದು ದಿನಕ್ಕೊಂದರಂತೆ ಆರು ಕಂತುಗಳಲ್ಲಿ ಹೊರಬಂತು. ಬೆಲೆ ಕಂತಿಗೆ 4 ಪೆನ್ನಿ. ಬಾಯ್ಸ್ ಬ್ರಿಗೇಡ್‌ನಂತಹ, ಆಗಲೇ ಇದ್ದ ಸಂಘಗಳು ತನ್ನ ಪಾಠಗಳನ್ನು ಬಳಸಿಕೊಳ್ಳಲಿ ಎಂಬುದಷ್ಟೇ ಬೇಡನ್ ಪೊವೆಲ್‌ರ ಎಣಿಕೆಯಾಗಿತ್ತು. ಹುಡುಗರು ಅಷ್ಟಕ್ಕೆ ಕಾಯಲಿಲ್ಲ. ಪುಸ್ತಕ ಕೊಂಡು, ಆರೆಂಟು ಜನ ಸೇರಿ ತಾವೇ ‘ಪೆಟ್ರೋಲ್’ ಎಂಬ ಸಣ್ಣ ತಂಡ ಕಟ್ಟಿಕೊಂಡು, ಮನೆಯ ಪೊರಕೆಯ ಕೋಲನ್ನೇ ಸ್ಕೌಟ್ ದೊಣ್ಣೆ ಮಾಡಿಕೊಂಡು, ಆಮೇಲೆ ದೊಡ್ಡವರೊಬ್ಬರನ್ನು ಹುಡುಕಿಕೊಂಡು ಹೊರಟರು. ಪಾದ್ರಿ, ಗುಮಾಸ್ತ, ಶಾಲೆಯ ಮೇಷ್ಟ್ರು, ನಿವೃತ್ತ ಸೈನಿಕ, ಯಾರು ಸಿಕ್ಕರೆ ಅವರನ್ನು ಹಿಡಿದು ಸ್ಕೌಟ್ ಮಾಸ್ಟರ್ ಮಾಡಿದರು. 1910ರ ಹೊತ್ತಿಗೆ ಬ್ರಿಟನ್ನಿನಲ್ಲಿ ಸ್ಕೌಟುಗಳ ಸಂಖ್ಯೆ ಲಕ್ಷ ದಾಟಿತ್ತು.

ಲಕ್ಷ ಹುಡುಗರಿದ್ದಾರೆ ಎಂದರೆ ಕಾಡು ಗೊತ್ತಿಲ್ಲದ, ಡೇರೆ ಕಟ್ಟಿ ಅಭ್ಯಾಸವಿಲ್ಲದ ಸಾವಿರಾರು ದೊಡ್ಡವರೂ ಇದ್ದಾರೆ ಎಂದೇ ಅರ್ಥ. ಅವರಲ್ಲಿ ಸೈನ್ಯದಿಂದ ಬಂದವರು ಹುಡುಗರನ್ನು ಲೆಫ್ಟ್-ರೈಟ್ ಹಾಕಿಸಿಯೇ ಸುಸ್ತು ಮಾಡುತ್ತಿದ್ದರು. ಸ್ವತಃ ಸೈನ್ಯದವರಾದ ಬೇಡನ್ ಪೊವೆಲ್‌ಗೆ ಈ ಕವಾಯತಿನ ಚಪಲ ಹಿಡಿಸುತ್ತಿರಲಿಲ್ಲ. 1909ರಲ್ಲಿ ಸ್ಕೌಟ್ ಮಾಸ್ಟರುಗಳಿಗೆಂದೇ ‘ಹೆಡ್‌ಕ್ವಾರ್ಟರ್ಸ್ ಗೆಜೆಟ್’ ಎಂಬ ಪತ್ರಿಕೆ ಶುರುವಾಯಿತು. 1910ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸಗಳಾದವು, 1911ರಲ್ಲಿ ಯಾರ್ಕ್‌ಶೈರಿನಲ್ಲಿ ಪ್ರಯೋಗಾರ್ಥ ಶಿಬಿರವಾಯಿತು. ಒಟ್ಟಿನಲ್ಲಿ ಮೊದಲು ಚಳವಳಿ, ಆಮೇಲೆ ಅದನ್ನು ನಡೆಸುವವರ ತರಬೇತಿ. ಈ ಹಿಂದುಮುಂದಾದ ಕ್ರಮ ಇವತ್ತಿಗೂ ಸ್ಕೌಟಿಂಗನ್ನು ಬಿಟ್ಟಿಲ್ಲ. ನಮ್ಮಲ್ಲೂ ಶಾಲೆಗೆ ದಳದ ನೋಂದಣಿ ಮೊದಲು ಆಗುತ್ತದೆ, ಮೇಷ್ಟ್ರು ಯಾರು ಎಂಬ ಪ್ರಶ್ನೆ ಆಮೇಲೆ ಏಳುತ್ತದೆ.

1912ರ ಆಗಸ್ಟ್ 4ರಂದು ನಡೆದ ಒಂದು ಘಟನೆಯನ್ನು ಹೊರಾಂಗಣಕ್ಕೆ ಮಕ್ಕಳನ್ನು ಕರೆದೊಯ್ಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಲಂಡನ್ನಿನ ವಾಲ್‌ವರ್ತ್ ಎಂಬ ಬಡವರ ಪೇಟೆಯ ದಳವೊಂದು ದೋಣಿಯಲ್ಲಿ ಥೇಮ್ಸ್ ನದಿ ಇಳಿದು ಲೇಸ್‌ಡೌನ್ ಕಡೆಗೆ ಶಿಬಿರಕ್ಕೆ ಹೊರಟಿತ್ತು. ದಡ ಹತ್ತಿರವಾಗುತ್ತಿದ್ದಾಗ ಬೀಸಿದ ಬಿರುಗಾಳಿಗೆ ದೋಣಿ ಮಗುಚಿತು. ಒಂಬತ್ತು ಹುಡುಗರು ಸತ್ತರು. ಎಂಟು ಜನ ಸ್ಕೌಟುಗಳು, ಒಬ್ಬ ತರಬೇತಿ ಹಡಗಿನ ಹುಡುಗ. ಶವಗಳನ್ನು ಲಂಡನ್ನಿಗೆ ತರಲು ಆಗ ನೌಕಾ ಖಾತೆ ನೋಡುತ್ತಿದ್ದ ವಿನ್‌ಸ್ಟನ್ ಚರ್ಚಿಲ್ ಯುದ್ಧನೌಕೆಯೊಂದನ್ನೇ ಕಳಿಸಿದರು. ದಳದ ಸ್ಕೌಟ್ ಮಾಸ್ಟರ್ ಬದುಕಿಕೊಂಡ. ಪತ್ರಿಕೆಗಳೆಲ್ಲ ಹುಡುಗರ ಶವಯಾತ್ರೆಯನ್ನು ಬರೆದವು. ನನಗೆ ಪ್ರತಿ ಸಲ ನೆನಪಾಗುವುದು ಮಾತ್ರ ಆ ಮೇಷ್ಟ್ರು. ಕೆರೆ ದಂಡೆಯಲ್ಲಿ ಮೂವತ್ತು ಮಕ್ಕಳ ತಲೆ ಎಣಿಸಿ, ಇಪ್ಪತ್ತೊಂಬತ್ತು ಬಂದು, ಮತ್ತೆ ಎಣಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಸ್ಕೌಟರುಗಳು, ಅಂದರೆ ದಳ ನಡೆಸುವ ದೊಡ್ಡವರು, ಒಟ್ಟಿಗೆ ಕೂರಬೇಕು ಎಂಬ ವಿಚಾರಕ್ಕೆ ನೆಲೆ ಸಿಕ್ಕಿದ್ದು ಲಂಡನ್ನಿನ ಪೂರ್ವಭಾಗದಲ್ಲಿ, ಅಂದರೆ ಹಡಗುಕಟ್ಟೆಯ ಕೂಲಿಗಳ ಬಡಾವಣೆಯಲ್ಲಿ. ಅಲ್ಲಿ ಕಮಿಷನರ್ ಆಗಿದ್ದ ರೋಲಂಡ್ ಫಿಲಿಪ್ಸ್ ಸಿರಿವಂತರ ಮನೆಯ ಮಗ. ‘ದಿ ಪೆಟ್ರೋಲ್ ಸಿಸ್ಟಂ’ ಪುಸ್ತಕ ಬರೆದವರು ಇವರೇ. ದಳವನ್ನು ಮೇಷ್ಟ್ರು ಒಬ್ಬರೇ ಹೊರಬಾರದು, ಪೆಟ್ರೋಲ್ ಲೀಡರುಗಳ ಸಭೆ ನಡೆಸಬೇಕು ಎಂದು ಒತ್ತಿ ಹೇಳಿದವರಲ್ಲಿ ಅವರು ಮೊದಲಿಗರು. 1916ರ ಜುಲೈ 7ರಂದು ಫ್ರಾನ್ಸಿನ ಸೋಮ್ ಯುದ್ಧಭೂಮಿಯಲ್ಲಿ ತೀರಿಕೊಂಡರು. ಉಯಿಲು ನೋಡಿದರೆ, ಸ್ಟೆಪ್ನಿ ಗ್ರೀನ್‌ನಲ್ಲಿದ್ದ ತಮ್ಮ ಮನೆಯನ್ನು ಸ್ಕೌಟಿಂಗಿಗೆ ಬಿಟ್ಟಿದ್ದರು. ಅದು ರೋಲಂಡ್ ಹೌಸ್ ಆಯಿತು. ಆ ಬಡಾವಣೆಯಲ್ಲಿ ದಳ ನಡೆಸುವವರು ಉಳಿಯಲು, ಸೇರಲು, ಮಾತಾಡಲು ಒಂದು ಮನೆ. ಅದರ ಉಸ್ತುವಾರಿ ಹೊತ್ತವರು ಪಿ.ಬಿ. ನೆವಿಲ್.

ಸ್ಕೌಟ್ ಮಾಸ್ಟರುಗಳ ತರಬೇತಿಯ ತಾಣವಾದ ಗಿಲ್ವೆಲ್ ಪಾರ್ಕಿನ ಕಥೆಯಲ್ಲೂ ಇದೇ ನೆವಿಲ್ ಬರುತ್ತಾರೆ. ಸ್ಕಾಟ್ಲೆಂಡಿನ ಕಮಿಷನರ್ ಡಬ್ಲ್ಯು. ಡಿ ಬೋಯ್ಸ್ ಮೆಕ್‌ಲಾರೆನ್ ಎಂಬ ವ್ಯಾಪಾರಿ ಲಂಡನ್ನಿಗೆ ಬಂದಾಗ, ಈ ಹುಡುಗರಿಗೆ ಡೇರೆ ಹಾಕಲು ಜಾಗವೇ ಇಲ್ಲವಲ್ಲ ಎಂದು ಮರುಗಿ ಹಣ ಕೊಟ್ಟರು. ನೆವಿಲ್ ಮತ್ತು ಅವರ ಸಂಗಡಿಗರು ಎಪಿಂಗ್ ಕಾಡಿನ ಪಕ್ಕದ 53 ಎಕರೆಯ ಪಾಳು ಎಸ್ಟೇಟೊಂದನ್ನು ಹುಡುಕಿದರು. ಖರೀದಿಗೆ 7,000 ಪೌಂಡು, ದುರಸ್ತಿಗೆ 3,000. 1919ರ ಈಸ್ಟರ್ ಹೊತ್ತಿಗೆ ಗಿಡಗಂಟಿ ಸವರಲು ಬಂದ ಹುಡುಗರು, ನೆಲವೆಲ್ಲ ಒದ್ದೆಯಾಗಿದ್ದರಿಂದ ಮಾಲಿಯ ಹಳೆಯ ಶೆಡ್ಡಿನಲ್ಲಿ ಮಲಗಿದರು. ಅದಕ್ಕೆ ಅವರಿಟ್ಟ ಹೆಸರು ‘ಪಿಗ್‌ಸ್ಟೈ’, ಎಂದರೆ ಹಂದಿಗೂಡು. ಆ ಗೂಡು ಇನ್ನೂ ಅಲ್ಲಿದೆ. ಜುಲೈ 26ಕ್ಕೆ ಉದ್ಘಾಟನೆ, ಸೆಪ್ಟೆಂಬರ್ 8ಕ್ಕೆ ಸ್ಕೌಟ್ ಮಾಸ್ಟರುಗಳ ಮೊದಲ ಶಿಬಿರ. ಫ್ರಾನ್ಸಿಸ್ ಗಿಡ್ನಿ ಶಿಬಿರದ ಮುಖ್ಯಸ್ಥರು. ಬೇಡನ್ ಪೊವೆಲ್ ಆಫ್ರಿಕದಿಂದ ತಂದಿದ್ದ ಕುಡು ಜಿಂಕೆಯ ಕೊಂಬನ್ನು ಊದಿ ಶಿಬಿರದವರನ್ನು ಎಬ್ಬಿಸುತ್ತಿದ್ದರು. ಬಂದ ದೊಡ್ಡವರನ್ನು ಪೆಟ್ರೋಲುಗಳಾಗಿ ಹಂಚಿ, ಹುಡುಗರಂತೆಯೇ ಒಲೆ ಹೂಡಿಸಿ, ಪಾತ್ರೆ ತೊಳೆಸಿದರು. ಇದೇ ವುಡ್ ಬ್ಯಾಡ್ಜ್ ತರಬೇತಿಯ ಆರಂಭ. ಮುಗಿಸಿದವರಿಗೆ ಚರ್ಮದ ದಾರದಲ್ಲಿ ಎರಡು ಮರದ ಮಣಿ. ಮಣಿಯ ಮೂಲ ಜುಲು ದೊರೆ ದಿನಿಜುಲುವಿನ ಹಾರ ಎಂದು ಹೇಳಿಕೊಂಡು ಬಂದಿದ್ದಾರೆ. ವಸಾಹತು ಯುದ್ಧದಲ್ಲಿ ಕೈಗೆ ಬಂದ ವಸ್ತು ಗೌರವದ ಗುರುತಾದದ್ದು ನನಗೆ ಇವತ್ತಿಗೂ ಇರಿಸುಮುರಿಸೇ. ಅದನ್ನು ಕೊರಳಿಗೆ ಹಾಕಿಕೊಂಡವರು ಆ ಹಾರದ ಕಥೆಯನ್ನೂ ಪೂರ್ತಿ ಓದಲಿ.

ಗಿಲ್ವೆಲ್‌ನವರು ಒಂದು ಜಾಣತನ ಮಾಡಿದರು. ತರಬೇತಿ ಮುಗಿಸಿ ಹೋದವರನ್ನು ಅಷ್ಟಕ್ಕೇ ಬಿಡಲಿಲ್ಲ. ಮಣಿ ಪಡೆದವರೆಲ್ಲ ಸೆಪ್ಟೆಂಬರಿನಲ್ಲಿ ಮತ್ತೆ ಬಂದು ಸೇರುವ ಪುನರ್ಮಿಲನ ರೂಢಿಗೆ ಬಂತು. ಅಮೆರಿಕದವರಲ್ಲಿ ದಳ ನಡೆಸುವವರ ಕೂಟ ತಿಂಗಳಿಗೊಮ್ಮೆ ನಡೆಯುತ್ತದೆ. ಅಲ್ಲಿ ವುಡ್ ಬ್ಯಾಡ್ಜ್ ಪ್ರಯೋಗಕ್ಕೆಂದು ಬಂದದ್ದು 1936ರಲ್ಲಿ, ಬೇರೂರಿದ್ದು 1948ರಲ್ಲಿ. ಆದರೆ ಅವರ ಜಿಲ್ಲೆ ಜಿಲ್ಲೆಯಲ್ಲೂ ನಡೆಯುವ ‘ರೌಂಡ್‌ಟೇಬಲ್’ ಎಂಬ ಮಾಸಿಕ ಸಭೆ ಇದೆಯಲ್ಲ, ದಳ ನಡೆಸುವವರಿಗೆ ಅದೇ ನಿಜವಾದ ಆಸರೆ. ಅದಕ್ಕೆಂದೇ ಒಬ್ಬ ಕಮಿಷನರ್ ಇರುತ್ತಾರೆ. ಎಲ್ಲರೂ ಸೇರಿ ಒಂದು ವಿಷಯ ಮಾತಾಡಿ, ಆಮೇಲೆ ಚಿಕ್ಕ ಮಕ್ಕಳ ಕಬ್‌ ವಿಭಾಗದವರು ಒಂದು ಕಡೆ, ಸ್ಕೌಟ್‌ನವರು ಇನ್ನೊಂದು ಕಡೆ ಕೂತು ಮುಂದಿನ ತಿಂಗಳ ಆಟ-ಪಾಠಕ್ಕೆ ತಯಾರಾಗುತ್ತಾರೆ. ಅಲ್ಲಿ ದಳ ನಡೆಸುವವರು ಮುಖ್ಯವಾಗಿ ಮಕ್ಕಳ ಅಪ್ಪ-ಅಮ್ಮಂದಿರು. ಹಾಗಾಗಿ ಸಭೆ ವಾರದ ನಡುವೆ, ಕೆಲಸ ಮುಗಿಸಿದ ಸಂಜೆ. ನಮ್ಮಲ್ಲಿ ನಡೆಸುವವರು ಮೇಷ್ಟ್ರು, ಟೀಚರಮ್ಮಂದಿರು. ಹಾಗಾಗಿ ಶನಿವಾರ.

ನಮ್ಮಲ್ಲಿ ಎಂದರೆ, ಭಾರತದ ಸ್ಕೌಟಿಂಗ್ ಶುರುವಾದದ್ದೇ ಬೆಂಗಳೂರಿನಲ್ಲಿ. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಮೊದಲ ದಳ ಕಟ್ಟಿದರು. ಅದು ಯುರೋಪಿಯನ್, ಆಂಗ್ಲೋ-ಇಂಡಿಯನ್ ಹುಡುಗರಿಗೆ. ಕರಿಯರ ಮಕ್ಕಳಿಗೆ ಕಾಡು ತಿರುಗಲು, ಸುಳಿವು ಹಿಡಿಯಲು ಕಲಿಸಿದರೆ ನಾಳೆ ಕ್ರಾಂತಿಕಾರಿಗಳಾದಾರು ಎಂಬ ಅಂಜಿಕೆ ಸರ್ಕಾರಕ್ಕೆ. 1916-17ರ ಹೊತ್ತಿಗೆ ಮದರಾಸಿನಲ್ಲಿ ಆನಿ ಬೆಸೆಂಟ್ ಭಾರತೀಯ ಹುಡುಗರಿಗೇ ಬೇರೆ ಸಂಸ್ಥೆ ತೆಗೆದರು. ಟೋಪಿಯ ಜಾಗಕ್ಕೆ ರುಮಾಲು ಬಂತು. ಅಲಹಾಬಾದಿನ ಕಡೆ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿಯ ಸ್ಕೌಟುಗಳನ್ನು ಕಟ್ಟಿದರು. 1921ರಲ್ಲಿ ಬೇಡನ್ ಪೊವೆಲ್ ಇಲ್ಲಿಗೆ ಬಂದಾಗ ಬೆಸೆಂಟರ ಸಂಸ್ಥೆ ಮೂಲ ಸಂಸ್ಥೆಯೊಂದಿಗೆ ಕೂಡಿತು. ಅಲಹಾಬಾದಿನವರು ಕೂಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು ಎಲ್ಲ ಸೇರಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. 1951ರ ಆಗಸ್ಟ್ 15ಕ್ಕೆ ಗರ್ಲ್ ಗೈಡ್ಸ್ ಸೇರಿತು. ಸಾತ್ಪುಡಾ ಬೆಟ್ಟದ ಪಚ್‌ಮಢಿ ರಾಷ್ಟ್ರೀಯ ತರಬೇತಿಯ ಜಾಗವಾಯಿತು. ನಮ್ಮ ರಾಜ್ಯದ ಮೇಷ್ಟ್ರುಗಳಿಗೆ ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್ ಇದೆ. ನಮ್ಮ ಕಡೆಯವರಿಗೆ, ಸ್ಕೌಟಿಂಗಿಗಾಗಿ ದುಡಿದ ಕೊಂಡಜ್ಜಿ ಬಸಪ್ಪನವರ ಊರಾದ ಹರಿಹರ ತಾಲ್ಲೂಕಿನ ಕೊಂಡಜ್ಜಿ ಇದೆ. ಒಂದು ಕಡೆ ಕೆರೆ, ಇನ್ನೊಂದು ಕಡೆ ಕುರುಚಲು ಗುಡ್ಡ. ಡೇರೆ ಹಾಕುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಾನು ನೋಡಿಲ್ಲ. ಊರಿನ ಅಭಿಮಾನ ಎಂದರೂ ಸರಿ.

ಇಂಥ ಕಡೆ ಮೇಷ್ಟ್ರುಗಳಿಗೆ ಕೊಡುವ ಬೇಸಿಕ್ ಕೋರ್ಸ್ ಏಳು ದಿನದ್ದು. ಸಮವಸ್ತ್ರ ತೊಟ್ಟು, ಬೆಳಿಗ್ಗೆ ಬಿ.ಪಿ. ಸಿಕ್ಸ್ ವ್ಯಾಯಾಮ ಮಾಡಿ, ರಾತ್ರಿ ಶಿಬಿರಾಗ್ನಿಯ ಸುತ್ತ ಕುಣಿದು, ಎದೆಯುಬ್ಬಿಸಿಕೊಂಡು ಊರಿಗೆ ಬರುತ್ತೇವೆ. ಬಂದ ಮರುದಿನ ಹೆಡ್ ಮೇಷ್ಟ್ರು ಬಿಸಿಯೂಟದ ಲೆಕ್ಕ ಕೈಗೆ ಕೊಡುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಕಲಿತದ್ದರ ಅರ್ಧ ಮರೆತಿರುತ್ತದೆ. ಮರೆಯದವರು ಯಾರೆಂದು ನೋಡಿದರೆ, ತಾಲ್ಲೂಕಿನ ಸ್ಕೌಟ್ಸ್ ಸ್ಥಳೀಯ ಸಂಸ್ಥೆಯಲ್ಲಿ ಮಾಸಿಕ ಸಭೆ ಸರಿಯಾಗಿ ನಡೆಯುತ್ತಿದ್ದ ಕಡೆಯವರು.

ನಮ್ಮ ತಾಲ್ಲೂಕಿನಲ್ಲಿ ಅದು ತಿಂಗಳ ಮೊದಲ ಶನಿವಾರ. ಬೆಳಗಿನ ಶಾಲೆ ಬಿಟ್ಟು, ಬಸ್ಸು ಹಿಡಿದು, ಹನ್ನೆರಡೂವರೆ ಒಂದು ಗಂಟೆಗೆ ಒಬ್ಬೊಬ್ಬರೇ ಬರುತ್ತಿದ್ದರು. ಸಭೆಯ ಖರ್ಚಿಗೆ ಎಲ್ಲರೂ ಹಾಕಿದ ಚಿಲ್ಲರೆ, ಅದರಲ್ಲಿ ಮಂಡಕ್ಕಿ, ಮಿರ್ಚಿ, ಚಹಾ. ಒಂದು ಸುತ್ತೋಲೆ ಓದಿದ ಶಾಸ್ತ್ರ ಆದ ಮೇಲೆ ಹಿರಿಯ ಸ್ಕೌಟರ್ ಒಬ್ಬರು, ನಾಲ್ಕು ಮಣಿಯ ಲೀಡರ್ ಟ್ರೈನರ್, ಕುರ್ಚಿ ಹಿಂದಕ್ಕೆ ಸರಿಸಿ, “ಹಗ್ಗ ತೆಗೀರಪ್ಪ” ಅನ್ನುವರು. ಸಭೆ ಆಗ ಶುರು. ಅವರು ಕುರ್ಚಿಯಲ್ಲಿ ಕೂತು ಸಭೆ ನಡೆಸಿದ್ದನ್ನು ನಾನು ಕಾಣೆ.

ಒಂದು ಸಲ ಹೊಸದಾಗಿ ಬಂದ ಮೇಷ್ಟ್ರೊಬ್ಬರು, ಎಷ್ಟು ಹೇಳಿಕೊಟ್ಟರೂ ಹುಡುಗರಿಗೆ ಕ್ಲೋವ್ ಹಿಚ್ ಬರುತ್ತಿಲ್ಲ, ಹಾಕಿದರೆ ಜಾರಿ ಹೋಗುತ್ತದೆ ಎಂದು ಬೇಸರಪಟ್ಟರು. ಕೋಲಿಗೆ ಹಗ್ಗ ಬಿಗಿಯುವ ಗಂಟು ಅದು. ಕೋಲಿಗೆ ಕೋಲು ಕಟ್ಟಿ ಗೇಟೋ ಗೋಪುರವೋ ಮಾಡುವಾಗ ಅಲ್ಲಿಂದಲೇ ಶುರು. ಹಿರಿಯರು, “ನೀವು ಹೇಗೆ ತೋರಿಸ್ತೀರಿ ಸ್ವಲ್ಪ ತೋರಿಸಿ” ಎಂದರು. ಅವರು ತರಗತಿಯಲ್ಲಿ ನಿಲ್ಲುವಂತೆ ನಮ್ಮೆದುರಿಗೆ ಬಂದು ನಿಂತು ತೋರಿಸಿದರು. “ತಪ್ಪು ಗಂಟಿನಲ್ಲಿಲ್ಲ, ನೀವು ನಿಂತ ಜಾಗದಲ್ಲಿದೆ. ನಿಮ್ಮ ಬಲ ಹುಡುಗನಿಗೆ ಎಡ. ಅವನ ಪಕ್ಕಕ್ಕೆ ಬನ್ನಿ, ಹೆಗಲಿಗೆ ಹೆಗಲು ತಾಗಲಿ, ಎರಡೂ ಕೋಲು ಒಂದೇ ದಿಕ್ಕಿಗಿರಲಿ.” ಹಾಗೆ ಪಕ್ಕಕ್ಕೆ ನಿಂತು ಮೊದಲ ಸುತ್ತು ಹಾಕಿ, ಎರಡನೆಯದನ್ನು ಅದರ ಮೇಲೆ ಅಡ್ಡ ಹಾಯಿಸಿ, ತುದಿಯನ್ನು ತನ್ನದೇ ಸುತ್ತಿನಡಿ ತೂರಿಸಿ ಎಳೆದರು. ಇಷ್ಟೇ. ಏಳು ದಿನದ ಕೋರ್ಸಿನಲ್ಲಿ ಎಲ್ಲರೂ ಗಂಟು ಕಲಿತಿದ್ದೆವು. ಗಂಟು ಕಲಿಸುವುದನ್ನು ಕಲಿತದ್ದು ಆ ಶನಿವಾರ.

ಹಳ್ಳಿ ಶಾಲೆಯ ಗೈಡ್ ಕ್ಯಾಪ್ಟನ್ ಒಬ್ಬರ ಕಷ್ಟ ಬೇರೆ ತರದ್ದು. ಹೆಣ್ಣುಮಕ್ಕಳನ್ನು ರಾತ್ರಿ ಶಿಬಿರದಲ್ಲಿ ಉಳಿಸಲು ಮನೆಯವರು ಒಪ್ಪುತ್ತಿರಲಿಲ್ಲ. ಒಪ್ಪಿಗೆ ಪತ್ರ ಬರೆಸಿಕೊಳ್ಳಿ ಎಂದು ಗಂಡಸರೆಲ್ಲ ಸಲಹೆ ಕೊಟ್ಟೆವು. ಮೂಲೆಯಲ್ಲಿದ್ದ ಹಿರಿಯ ಗೈಡರ್ ನಕ್ಕರು. “ಪತ್ರ ಬರೆಯೋದು ಅಪ್ಪ, ಬ್ಯಾಡ ಅನ್ನೋದು ಅಜ್ಜಿ. ಮೊದ್ಲು ಅಜ್ಜಿನ ಒಪ್ಸಮ್ಮ. ಮೊದಲ್ನೇ ರಾತ್ರಿ ಅಜ್ಜಿನೂ ಬಂದು ಮಕ್ಕಳ ಜೊತೆ ಮಲಗ್ಲಿ.” ಮುಂದಿನ ಶಿಬಿರಕ್ಕೆ ಇಬ್ಬರು ಅಜ್ಜಿಯರು ಕಂಬಳಿ ಸಮೇತ ಬಂದರು. ಒಲೆ ಹೂಡುವ ಸ್ಪರ್ಧೆಯಲ್ಲಿ ಅವರನ್ನು ಸುಮ್ಮನಿರಿಸುವುದೇ ಕಷ್ಟವಾಯಿತು. ಯಾವ ಕೈಪಿಡಿಯಲ್ಲೂ ಈ ಉಪಾಯ ಇಲ್ಲ.

ಆ ಸಭೆಗಳ ನಡಾವಳಿ ಪುಸ್ತಕವನ್ನು ನಾನು ಈಚೆಗೆ ಮತ್ತೆ ತಿರುವಿ ಹಾಕಿದೆ. ‘ಗೈರುಹಾಜರಿ’ ಎಂಬ ಕಾಲಮ್ಮೇ ಒಂದು ಚರಿತ್ರೆ. ಕಾರಣ: ಜನಗಣತಿ. ಕಾರಣ: ಚುನಾವಣಾ ತರಬೇತಿ. ಕಾರಣ: ಮೌಲ್ಯಮಾಪನ. ಮತ್ತೆ ಚುನಾವಣೆ. ಪುಟಗಳು ಮುಂದೆ ಹೋದಂತೆ ‘ಓಓಡಿ ಸಿಕ್ಕಿಲ್ಲ’ ಎಂಬ ಕಾರಣ ಹೆಚ್ಚಾಗುತ್ತದೆ. ಓಓಡಿ ಎಂದರೆ ಬೇರೆ ಕರ್ತವ್ಯದ ಮೇಲೆ ಹೋಗಲು ಇಲಾಖೆ ಕೊಡುವ ಅನುಮತಿ. ಇಲಾಖೆಯ ಕಚೇರಿಯೊಂದರಲ್ಲಿ ಒಬ್ಬ ಗುಮಾಸ್ತರು, ಅರ್ಧ ದಿನದ ಸಭೆಗೆಲ್ಲ ಓಓಡಿ ಕೊಡಲು ಬರುವುದಿಲ್ಲ ಎಂದು ನನಗೇ ಹೇಳಿದ್ದರು. ರ‍್ಯಾಲಿಗೆ, ಮಂತ್ರಿಗಳ ಸ್ವಾಗತಕ್ಕೆ, ಸ್ವಾತಂತ್ರ್ಯೋತ್ಸವದ ಪಥಸಂಚಲನಕ್ಕೆ ಅದೇ ಓಓಡಿ ತಾನಾಗಿ ಬರುತ್ತಿತ್ತು. ಮೇಷ್ಟ್ರು ಹುಡುಗರನ್ನು ಸಾಲಾಗಿ ನಿಲ್ಲಿಸಿದರೆ ಕರ್ತವ್ಯ, ಹೇಗೆ ಕಲಿಸಬೇಕೆಂದು ಕೂತು ಯೋಚಿಸಿದರೆ ಸ್ವಂತ ಕೆಲಸ ಎಂದಾಯಿತು.

ಈಗ ವಾಟ್ಸಾಪ್ ಗುಂಪು ಇದೆ. ಸುತ್ತೋಲೆ ನಿಮಿಷದಲ್ಲಿ ಬರುತ್ತದೆ, ರಾಜ್ಯ ಪುರಸ್ಕಾರ ಪರೀಕ್ಷೆಯ ದಿನಾಂಕ ಬರುತ್ತದೆ, ಶಿಬಿರದ ಫೋಟೊಗಳು ಮಳೆಯಂತೆ ಬರುತ್ತವೆ. ಒಳ್ಳೆಯದೇ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಅಷ್ಟೊಂದು ಮಕ್ಕಳನ್ನು ಒಂದೆಡೆ ಸೇರಿಸಿ ಊಟ, ನೀರು, ನಿದ್ದೆ ನಿಭಾಯಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಜಾಂಬೂರಿ ಮುಗಿದ ಮೇಲೆ ಆ ಮಕ್ಕಳು ವಾಪಸು ಹೋಗುವುದು ಒಬ್ಬ ಮೇಷ್ಟ್ರ ದಳಕ್ಕೆ. ಅವರ ಹುಡುಗರು ಕ್ಲೋವ್ ಹಿಚ್ ತಪ್ಪಾಗಿ ಹಾಕುತ್ತಿದ್ದಾರೆ ಎಂದು ಯಾವ ಫೋಟೊದಲ್ಲೂ ಕಾಣುವುದಿಲ್ಲ. ಮುಂದಿನ ವರ್ಷ ದಳವನ್ನೇ ಬಿಟ್ಟುಬಿಡೋಣ ಎಂದು ಅವರು ಯೋಚಿಸುತ್ತಿರುವುದನ್ನು ಗುಂಪಿನಲ್ಲಿ ಯಾರೂ ಬರೆಯುವುದಿಲ್ಲ. ದಳ ನಿಲ್ಲುವುದು ದುಡ್ಡಿಲ್ಲದೆಯೋ ಹುಡುಗರಿಲ್ಲದೆಯೋ ಅಲ್ಲ. ಮೇಷ್ಟ್ರು ಒಂಟಿಯಾದಾಗ ನಿಲ್ಲುತ್ತದೆ. ನಾನು ಕಂಡಂತೆ ಮುಚ್ಚಿಹೋದ ದಳಗಳ ಕಥೆ ಇದೇ.

ಕೊನೆಗೆ ಎರಡು ಕೋರಿಕೆ. ಶಿಕ್ಷಣಾಧಿಕಾರಿಗಳೇ, ತಿಂಗಳಿಗೆ ಅರ್ಧ ಶನಿವಾರದ ಓಓಡಿ ಕೊಡಿ. ಅದಕ್ಕೆ ಅನುದಾನ ಬೇಡ, ವೇದಿಕೆ ಬೇಡ, ಬ್ಯಾನರ್ ಬೇಡ. ದಳ ನಡೆಸುತ್ತಿರುವ ಮೇಷ್ಟ್ರೇ, ಟೀಚರಮ್ಮನವರೇ, ಓಓಡಿಗೂ ಕಾಯಬೇಡಿ. ತಾಲ್ಲೂಕಿನಲ್ಲಿ ನಿಮ್ಮಂಥವರು ಮೂವರಿದ್ದರೆ ಸಾಕು, ಬೆಳಗಿನ ಶಾಲೆ ಬಿಟ್ಟ ಮೇಲೆ ಯಾವುದಾದರೂ ಒಂದು ಕೋಣೆಯಲ್ಲಿ ಕೂಡಿ. ಒಬ್ಬರು ಹಗ್ಗ ತರಲಿ, ಒಬ್ಬರು ಮಂಡಕ್ಕಿ ತರಲಿ. ನಡಾವಳಿ ಬರೆಯುವ ಕೆಲಸವನ್ನು ಮಾತ್ರ ಹೊಸಬರಿಗೆ ಕೊಡಿ.